ಏಳು ದಿನದ ಆಡುಗಳು

ಮೇಲವಂಕಿ
೨ ಜುಲೈ ೧೯೫೭

ಪ್ರೀತಿಯ ಡಾಕ್ಟರ ಸಾಹೇಬರೇ,

ನಿಮ್ಮ ಗುಡ್ಡವ್ವ ಬದುಕಿದ್ದಾಳೆ, ಗಟ್ಟಿಮುಟ್ಟಾಗಿದ್ದಾಳೆ, ತಲೆಯ ಮೇಲೊಂದು ಸೊಂಟದ ಮೇಲೊಂದು ಕೊಡ ಹೊತ್ತು ಹಳ್ಳದ ಏರು ಹತ್ತಿ ಬರುವುದನ್ನು ನಾನು ಈ ಎರಡು ಕಣ್ಣುಗಳಿಂದ ನೋಡಿ ಬಂದೆ! ಮಳೆ, ಬೆಳೆ, ಅಪ್ಪನ ಮಂಡಿನೋವು, ನನ್ನ ವಿರಹ, ಎಲ್ಲ ಆಮೇಲೆ. ಮೊದಲು ನೀವು ಕುರ್ಚಿಯಲ್ಲಿ ಕುಳಿತುಕೊಳ್ಳಿ, ಈ ಸಾಲನ್ನು ಇನ್ನೊಮ್ಮೆ ಓದಿ, ಗಟ್ಟಿಯಾಗಿ ನಗಿರಿ. ನೀವು ನಕ್ಕದ್ದು ಇಲ್ಲಿಯವರೆಗೆ ಕೇಳಿಸಬೇಕು.

ಪಾಶ್ಚಾಪುರದ ಸ್ಟೇಶನ್ನಿನಲ್ಲಿ ಅಪ್ಪನ ಜೊತೆ ನನ್ನನ್ನು ರೈಲು ಹತ್ತಿಸಿ, ಕಿಟಕಿಗೆ ಮುಖ ತಂದು ನೀವು ಹೇಳಿದ್ದು ಒಂದೇ ಮಾತು: "ಊರು ಮುಟ್ಟಿದ ಮ್ಯಾಲ ಗುಡ್ಡವ್ವನ್ನ ನೋಡಿ ಕಾಗದ ಬರಿ." ಮದುವೆಯಾಗಿ ಆರು ವಾರ. ಆಷಾಢ ಬಂತೆಂದು ಹೆಂಡತಿ ತಿಂಗಳ ಮಟ್ಟಿಗೆ ತವರಿಗೆ ಹೊರಟಿದ್ದಾಳೆ. ಗಂಡನಿಗೆ ಬೇರೊಬ್ಬಳ ಚಿಂತೆ! ಕಾನ್ವೆಂಟಿನ ನನ್ನ ಗೆಳತಿಯರಿಗೆ ಹೇಳಿದರೆ ಕಣ್ಣೀರು ಹಾಕುತ್ತಿದ್ದರು. ನಾನು ನಕ್ಕೆ. ಆ ಆರು ವಾರ ನಿಮ್ಮ ಪಕ್ಕದಲ್ಲಿ ಗಡಿಯಾರ ಹಿಡಿದು ನಿಂತವಳು ನಾನೇ ತಾನೆ? ನೀವು ಆಡಿನ ಗುಲ್ಮದಿಂದ ಉಕ್ಕುವ ರಕ್ತದ ಮೇಲೆ ಎ ಡಬ್ಬಿಯ ಪುಡಿ, ಬಿ ಡಬ್ಬಿಯ ಪುಡಿ, ಸಿ ಡಬ್ಬಿಯ ಪುಡಿ ಉದುರಿಸುವುದು. ನಾನು "ಒಂದು ನಿಮಿಷ, ಎರಡು ನಿಮಿಷ" ಎಂದು ಕೂಗುವುದು. ಬೇರೆ ಮದುಮಕ್ಕಳು ಮಹಾಬಳೇಶ್ವರಕ್ಕೆ ಹೋಗುತ್ತಾರಂತೆ. ಸಿ ಡಬ್ಬಿ ನಾಲ್ಕು ನಿಮಿಷದೊಳಗೆ ರಕ್ತ ನಿಲ್ಲಿಸಿದಾಗ ನೀವು ನನ್ನತ್ತ ನೋಡಿದಿರಲ್ಲ, ನನಗೆ ಅದೇ ಮಹಾಬಳೇಶ್ವರ.

ಅಲ್ಲಪ್ಪ ಹೇಗಿದ್ದಾನೆ? ಸಂತೆಯ ಮರುದಿನ ಏಳು ದಿನದ ಬಾಡಿಗೆಗೆ ಆಡು ತಂದು ಕಟ್ಟಿ, "ಆಡು ನಂದು, ಹೊಟ್ಟಿ ನಿಮ್ದು, ಏಳ ದಿನದ ಮಾತ ನೋಡ್ರಿ ಸಾಹೇಬ್ರ" ಎನ್ನುವ ಅವನ ಗತ್ತನ್ನು ಇಲ್ಲಿ ಎಲ್ಲರಿಗೂ ಅಭಿನಯಿಸಿ ತೋರಿಸಿದ್ದೇನೆ. ಅಮ್ಮ ನಕ್ಕಳು. ಅಜ್ಜಿ ಮಾತ್ರ, "ಮಾಂಸದ ಅಂಗಡಿಯವನ ಮಾತ ಮನ್ಯಾಗ ಆಡಬ್ಯಾಡ" ಎಂದಳು.

ಈಗ ನಿಮ್ಮ ರೋಗಿ ಗುಡ್ಡವ್ವ. ನಾನು ಬೆಳಗಾವಿಯಲ್ಲಿ ಕಾಕಾನ ಮನೆಯಲ್ಲಿ ಬೆಳೆದವಳು, ಈ ಊರಿನ ಸೊಸೆಯಂದಿರ ಮುಖ ನನಗೆ ಗೊತ್ತಿಲ್ಲ. ಅಜ್ಜಿಯನ್ನೇ ಕೇಳಿದೆ. ಕರೆವ್ವಜ್ಜಿ ಬತ್ತಿ ಹೊಸೆಯುವುದನ್ನು ನಿಲ್ಲಿಸದೆ, "ಯಲ್ಲಾರಿ ಮನ್ಯಾಕಿ ಏನ? ಆರಾಮ ಅದಾಳ ತಗೋ. ಹೊಸ ಮದುಮಗಳು ಆಷಾಢದಾಗ ಓಣಿ ಓಣಿ ತಿರುಗಬಾರದವಾ" ಎಂದಳು. ಹನಮಪ್ಪನ ಗುಡಿಗೆ ಹೋಗಿಬರುತ್ತೇನೆಂದು ಸುಳ್ಳು ಹೇಳಿ ಹೋದೆ. (ನಿಮ್ಮ ಹೆಸರಿನ ದೇವರು, ಕ್ಷಮಿಸುತ್ತಾನೆ.)

ಗುಡ್ಡವ್ವನ ಗಂಡ ಯಲ್ಲಾರಿ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಅದೇ ಹೊತ್ತಿಗೆ ಅವಳು ನೀರು ತಂದಳು, ಹಸಿರು ಇಳಕಲ್ ಸೀರೆ. ನಾಲ್ಕು ವರ್ಷದ ಹುಡುಗಿ ಸೆರಗು ಹಿಡಿದು "ಯವ್ವಾ, ಯವ್ವಾ" ಎಂದು ಹಿಂದೆ. ನಾನು, "ಪಾಶ್ಚಾಪುರದ ಡಾಕ್ಟರ ಮನ್ಯಾಕಿರಿ ನಾನು, ಗುಡ್ಡವ್ವ ಹೆಂಗದಾಳ ಅಂತ ನೋಡಾಕ ಬಂದೆ" ಎಂದೆ. ಯಲ್ಲಾರಿ ಎದ್ದು ನಿಂತ. ಕೈ ಮುಗಿದ. "ಸಾಹೇಬ್ರ ಕೈ ದೇವರ ಕೈರಿ, ಬಾಯಾರ" ಎಂದು ಕಣ್ಣು ಒರೆಸಿಕೊಂಡ. ಅವಳು ಕೊಡ ಇಳಿಸದೆಯೇ ಒಳಗೆ ಹೋಗಿಬಿಟ್ಟಳು. ಎಷ್ಟು ನಾಚಿಕೆ! ಎಷ್ಟು ಕೃತಜ್ಞತೆ!

ನೀವು ಹೊಟ್ಟೆತುಂಬ ಉಣ್ಣಿರಿ. ಕನ್ನಡದಲ್ಲೇ ಬರೆಯಿರಿ, ಇಂಗ್ಲಿಷಿನ ಪತ್ರ ಬಂದರೆ ಇಲ್ಲಿಯ ಪೋಸ್ಟ್ ಮಾಸ್ತರರು ಸರಕಾರಿ ಕಾಗದವೆಂದು ಅಪ್ಪನನ್ನು ಹೆದರಿಸುತ್ತಾರೆ.

ನಿಮ್ಮ, ನಿಮ್ಮ, ನಿಮ್ಮ
ಸೀತಾ

*

ಪಾಶ್ಚಾಪುರ
೫ ಜುಲೈ ೧೯೫೭

ಚಿ. ಸೌ. ಸೀತಾಳಿಗೆ ಆಶೀರ್ವಾದಗಳು.

ನಿನ್ನ ಪತ್ರ ಇಂದು ಬಂತು. ನಿಂತೇ ಓದಿದೆ. ನಕ್ಕೆನೋ ಇಲ್ಲವೋ ತಿಳಿಯದು. ನರ್ಸ್ ಶಂಕ್ರವ್ವ ಬಂದು "ಸಾಹೇಬ್ರ, ಊಟ ತಣ್ಣಗಾತ್ರಿ" ಎಂದಾಗ ಪತ್ರ ಇನ್ನೂ ಕೈಯಲ್ಲೇ ಇತ್ತು.

ನಿನಗೆ ಪೂರ್ತಿ ಹೇಳಿರಲಿಲ್ಲ. ಈ ಭಾಗದಲ್ಲಿ ಚಳಿಜ್ವರ ಬಂದು ಹೋದವರ ಎಡ ಪಕ್ಕೆಯ ಕೆಳಗಿನ ಗುಲ್ಮ ದಪ್ಪಗಾಗಿ ಜ್ವರಗಡ್ಡೆ ಆಗಿರುತ್ತದೆ. ಎತ್ತು ಒಂದು ಸಲ ಹಾಯ್ದರೂ ಸಾಕು, ಒಳಗೇ ಒಡೆಯುತ್ತದೆ. ಹೊಲಿಯಲು ಬರುವುದಿಲ್ಲ, ಹಸಿ ಹಿಟ್ಟಿಗೆ ಸೂಜಿ ಹಾಕಿದ ಹಾಗೆ. ಇಡೀ ಗುಲ್ಮವನ್ನೇ ತೆಗೆದುಹಾಕುವುದು ರೂಢಿ. ಹಾಗೆ ತೆಗೆದ ನಾಲ್ವರಲ್ಲಿ ಇಬ್ಬರು ನನ್ನ ಮೇಜಿನ ಮೇಲೇ ಹೋದರು. ಮೇ ಮೂರರಂದು, ಎತ್ತು ಹಾಯ್ದ ಗುಡ್ಡವ್ವನನ್ನು ಚಕ್ಕಡಿಯಲ್ಲಿ ತಂದಾಗ ಅವಳ ನಾಡಿ ಸಿಗುತ್ತಿರಲಿಲ್ಲ. ತೆಗೆಯುವಷ್ಟು ಹೊತ್ತು ಅವಳಲ್ಲಿ ಉಳಿದಿರಲಿಲ್ಲ. ಅದುವರೆಗೆ ಆಡಿಗೆ ಮಾತ್ರ ಹಚ್ಚಿದ್ದ ಸಿ ಡಬ್ಬಿಯ ಪುಡಿಯನ್ನು ಯಾರನ್ನೂ ಕೇಳದೆ ಹಚ್ಚಿದೆ. ನಿಂತಿತು. ಹತ್ತನೇ ದಿನ, ಮದುವೆಯ ರಜೆಗೆ ನಾನು ಹೊರಟ ಬೆಳಿಗ್ಗೆ, ಅವಳನ್ನು ನಡೆಸಿಕೊಂಡು ಬಂದು ಚಕ್ಕಡಿ ಹತ್ತಿಸಿದೆ. ತಿಂಗಳಿಗೊಮ್ಮೆ ತೋರಿಸಲು ಬಾ ಎಂದಿದ್ದೆ. ಬರಲಿಲ್ಲ. ಮದುವೆಯಲ್ಲಿ ನಿಮ್ಮವರನ್ನು ಕೇಳಿದರೆ "ಆರಾಮ ಅದಾಳ್ರಿ" ಎಂದರು. ಆದರೂ ನನಗೆ ಸಮಾಧಾನವಿರಲಿಲ್ಲ. ಅವಳ ಸುದ್ದಿ ನಂಬುವ ಹಾಗೆ ತಿಳಿಯುವವರೆಗೆ ಇನ್ನೊಬ್ಬ ಮನುಷ್ಯನಿಗೆ ಈ ಪುಡಿ ಹಚ್ಚಬಾರದೆಂದು ನಿಶ್ಚಯಿಸಿದ್ದೆ.

ಇನ್ನೂ ಒಂದು ಮಾತು. ಶಸ್ತ್ರಕ್ರಿಯೆಯ ಕೋಣೆ ಖಾಲಿ ಇದ್ದಾಗಲೂ ಏನೋ ತೊಟ್ಟಿಕ್ಕುವ ಸದ್ದು ನನಗೆ ಕೇಳಿಸುತ್ತಿತ್ತು. ನಲ್ಲಿಗಳಿಗೆಲ್ಲ ಬಟ್ಟೆ ಕಟ್ಟಿಸಿದೆ. ಸದ್ದು ನಿಲ್ಲಲಿಲ್ಲ. ಇಂದು ಕೇಳಿಸಲಿಲ್ಲ.

ಆಡುಗಳ ಲೆಕ್ಕ ಚೆನ್ನಾಗಿದೆ. ಸಿ ಡಬ್ಬಿಯ ಒಂಬತ್ತೂ ಅಲ್ಲಪ್ಪ ಒಯ್ಯುವ ದಿನ ನಿಂತು ಮೇವು ತಿನ್ನುತ್ತಿದ್ದವು. ಆಗಸ್ಟಿನಲ್ಲಿ ಪುಣೆಯಲ್ಲಿ ವೈದ್ಯರ ಸಭೆ. ಅಲ್ಲಿ ಓದುವ ಪ್ರಬಂಧದಲ್ಲಿ ಗುಡ್ಡವ್ವನದು ಒಂದೇ ಸಾಲು, ಆದರೆ ಎಲ್ಲರೂ ಕೇಳುವುದು ಅದೇ ಸಾಲನ್ನು. ನೀನು ಇನ್ನೊಮ್ಮೆ ಹೋಗು. ಕಣ್ಣಿನ ಕೆಳರೆಪ್ಪೆ ಬಿಳಿಚಿದೆಯೇ, ಎಡ ಪಕ್ಕೆಯ ಕೆಳಗೆ ನೋವಿದೆಯೇ, ಗಾಯದ ಗುರುತು ಹೇಗೆ ಮಾಗಿದೆ, ನೋಡಿ ಬರೆ. ಆಷಾಢದಲ್ಲಿ ಅಳಿಯ ಮಾವನ ಹೊಸ್ತಿಲು ದಾಟಬಾರದು, ಇಲ್ಲವಾದರೆ ನಾನೇ ಬರುತ್ತಿದ್ದೆ.

ಚಾದರ ಹೊದ್ದುಕೊಂಡು ಮಲಗು.

ಹನಮಂತ

*

ಮೇಲವಂಕಿ
೯ ಜುಲೈ ೧೯೫೭

ನನ್ನ ಡಾಕ್ಟರ ಸಾಹೇಬರೇ,

ನಿಮ್ಮ ಪತ್ರವನ್ನು ಹನ್ನೊಂದು ಸಲ ಓದಿದೆ. "ಚಾದರ ಹೊದ್ದುಕೊಂಡು ಮಲಗು" ಎಂಬ ಸಾಲನ್ನು ಹದಿನೈದು ಸಲ. ನೀವು ಪ್ರೀತಿಯನ್ನು ಔಷಧದ ಚೀಟಿಯಂತೆ ಬರೆಯುತ್ತೀರಿ, ಆದರೆ ನನಗೆ ಓದಲು ಬರುತ್ತದೆ.

ನಲ್ಲಿಗಳಿಗೆ ಬಟ್ಟೆ ಕಟ್ಟಿಸಿದ್ದನ್ನು ಓದಿ ನಕ್ಕೆ, ಆಮೇಲೆ ಯಾಕೋ ನಗು ನಿಂತಿತು. ಆ ಆರು ವಾರ ನನ್ನ ಪಕ್ಕದಲ್ಲಿ ಕುಳಿತು ಉಣ್ಣುವಾಗಲೂ ಆ ಸದ್ದು ಕೇಳುತ್ತಿದ್ದಿರಾ? ನಾನು ಮಾತಾಡುತ್ತಲೇ ಇರುತ್ತಿದ್ದೆನಲ್ಲ!

ಇರಲಿ, ವರದಿ ಕೇಳಿ. ಅಜ್ಜಿ ಹೊಲದ ಕಡೆ ಹೋದಾಗ ಹೋದೆ. ಯಲ್ಲಾರಿ ಇರಲಿಲ್ಲ. ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಕೆಳರೆಪ್ಪೆ ಕೆಂಪಗಿದೆ. ಉಗುರುಗಳೂ ಕೆಂಪಗಿವೆ. ಪಕ್ಕೆ ನೋಯುತ್ತದೆಯೇ ಎಂದು ಕೇಳಿದರೆ, "ನನಗೇನೂ ಆಗಿಲ್ರಿ ಬಾಯಾರ" ಎಂದಳು. ಬರೆದುಕೊಳ್ಳಿ: ಏನೂ ಆಗಿಲ್ಲ! ಗಾಯದ ಗುರುತು ತೋರಿಸು ಎಂದಾಗ ಮಾತ್ರ ಸೆರಗು ಬಿಗಿ ಮಾಡಿಕೊಂಡು, "ನನ್ನ ಹೊಟ್ಟಿ ನೋಡಿ ಏನ ಮಾಡ್ತೀರಿ? ಹೋಗ್ರಿ, ನಿಮ್ಮ ಅಜ್ಜಿ ಬೈತಾರು" ಎಂದಳು. ಪಕ್ಕದ ಮನೆಯ ಶೆಟ್ಟೆವ್ವ ಗೋಡೆಯ ಮೇಲಿಂದ ಇಣುಕಿ, "ಅಕಿ ಹೊಟ್ಟಿ ಬಿಡವಾ ಡಾಕ್ಟರ್ನಿ, ನಿನ್ನ ಹೊಟ್ಟಿ ಯಾವಾಗ ತೋರಸ್ತಿ ಹೇಳ" ಎಂದು ಕೇಳಿ ನನ್ನನ್ನೇ ಓಡಿಸಿದಳು. ಈ ಊರಿನಲ್ಲಿ ಗಂಭೀರ ಸಂಶೋಧನೆ ಸಾಧ್ಯವಿಲ್ಲ.

ಒಂದು ಚೆಂದದ ಸಂಗತಿ. ಅವಳ ಕೊರಳಲ್ಲಿ ಕರಿ ದಾರಕ್ಕೆ ಒಂದು ಬೆಳ್ಳಿಯ ತಗಡು, ಎರಡಾಣೆಯಷ್ಟು ಅಗಲ. ಅದರಲ್ಲಿ ಒಬ್ಬ ಹೆಣ್ಣಿನ ಆಕಾರ ಒತ್ತಿದ್ದಾರೆ. ಹೊಸದು, ಇನ್ನೂ ಮಿರಿಮಿರಿ ಮಿಂಚುತ್ತಿದೆ. ಮೊದಲ ರೊಟ್ಟಿಯ ಒಂದು ಚೂರು ಮುರಿದು ಅದಕ್ಕೆ ಮುಟ್ಟಿಸಿದಳು. ಬದುಕಿದ್ದಕ್ಕೆ ಹರಕೆ ಹೊತ್ತ ದೇವಿ ಇರಬೇಕು. ನಿಮ್ಮ ಕೈ ಹಿಡಿದ ದೇವಿ!

ನಾಡಿದ್ದು ಕಡ್ಲಿಗಡಬಿನ ಹುಣ್ಣಿಮೆ. ಹೆಣ್ಣುಮಕ್ಕಳೆಲ್ಲ ಎಣ್ಣೆ ಹಚ್ಚಿಕೊಂಡು ನೀರು ಎರೆದುಕೊಳ್ಳುತ್ತಾರೆ. ಕಡಬು ಕೊಡುವ ನೆವದಿಂದ ಸರಿಯಾದ ಹೊತ್ತಿಗೆ ಹೋಗುತ್ತೇನೆ. ಆಗ ಎಲ್ಲಿ ಮುಚ್ಚಿಡುತ್ತಾಳೆ ನೋಡೋಣ.

ನಿಮ್ಮ ಪತ್ತೇದಾರ
ಸೀತಾ

*

ಪಾಶ್ಚಾಪುರ
೧೦ ಜುಲೈ ೧೯೫೭

ಚಿ. ಸೌ. ಸೀತಾಳಿಗೆ ಆಶೀರ್ವಾದಗಳು.

ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಬೆಳಿಗ್ಗೆ ದಡ್ಡಿ ಊರಿನಿಂದ ಉದ್ದಪ್ಪ ಎಂಬ ರೈತನನ್ನು ತಂದರು. ಮೂವತ್ತು ವರ್ಷ. ಕೆಸರಿನಲ್ಲಿ ಎತ್ತು ಜಾರಿ ಮೈಮೇಲೆ ಬಿದ್ದಿತ್ತು. ಗುಲ್ಮ ಎರಡು ಕಡೆ ಸೀಳಿತ್ತು. ಇವನ ನಾಡಿ ಚೆನ್ನಾಗಿತ್ತು; ರೂಢಿಯಂತೆ ತೆಗೆಯಬಹುದಿತ್ತು. ಆದರೆ ನಿನ್ನ ಪತ್ರ ಅಂಗಿಯ ಜೇಬಿನಲ್ಲಿತ್ತು. ಎರಡು ಕೊಡ ಹೊತ್ತು ಏರು ಹತ್ತಿದಳು ಎಂದು ಬರೆದಿದ್ದೆಯಲ್ಲ? ಸಿ ಡಬ್ಬಿ ತೆರೆದೆ. ಮೂರು ನಿಮಿಷ ನಲವತ್ತು ಸೆಕೆಂಡು. ಗಡಿಯಾರ ಹಿಡಿದದ್ದು ಶಂಕ್ರವ್ವ, ನಿನ್ನ ಹಾಗೆ ಕೂಗುವುದಿಲ್ಲ, ಗೊಣಗುತ್ತಾಳೆ.

ಇಂದು ಉದ್ದಪ್ಪ ಕಣ್ಣು ಬಿಟ್ಟು, "ಎತ್ತಿಗೇನೂ ಆಗಿಲ್ಲಲ್ರಿ?" ಎಂದು ಕೇಳಿದ. ಹತ್ತೊಂಬತ್ತನೇ ತಾರೀಖು ಶುಕ್ರವಾರ, ಹತ್ತನೇ ದಿನ, ಗುಡ್ಡವ್ವನಂತೆಯೇ ಮನೆಗೆ ಕಳಿಸುತ್ತೇನೆ. ಅವನಿಗೆ ಹೊಲದ ಅವಸರ.

ಪುಣೆಗೆ ಈಗ ಎರಡು ಸಾಲು ಒಯ್ಯುತ್ತೇನೆ.

ಹನಮಂತ

*

ಮೇಲವಂಕಿ
೧೩ ಜುಲೈ ೧೯೫೭

ಡಾಕ್ಟರ ಸಾಹೇಬರಿಗೆ,

ಹುಣ್ಣಿಮೆ ಆಯಿತು. ಮಳೆ ಬಿಟ್ಟಿಲ್ಲ. ಹಳ್ಳ ತುಂಬಿ ಟಪಾಲು ನಾಲ್ಕು ದಿನದಿಂದ ಬಂದಿಲ್ಲ, ನಿಮ್ಮ ಪತ್ರವೂ ಇಲ್ಲ. ಈ ಪತ್ರವನ್ನು ಗೋಕಾಕಿಗೆ ನಡೆದು ಹೊರಟವರ ಕೈಯಲ್ಲಿ ಕೊಡುತ್ತಿದ್ದೇನೆ.

ಗುಡ್ಡವ್ವನ ಬಗ್ಗೆ ಹೊಸದಾಗಿ ಬರೆಯುವಂಥದ್ದು ಇಲ್ಲ. ಗುರುತು ನೋಡಲು ಆಗಲಿಲ್ಲ. ಆಷಾಢ ಮುಗಿದ ಮೇಲೆ ಬಂದು ಎಲ್ಲ ಹೇಳುತ್ತೇನೆ. ಅಲ್ಲಿಯವರೆಗೆ ಇನ್ನು ಯಾರಿಗೂ ಪುಡಿ ಹಚ್ಚುವ ಅವಸರ ಮಾಡುವುದಿಲ್ಲ ತಾನೆ?

ಒಂದು ಕೇಳಬೇಕಿತ್ತು. ಅಲ್ಲಪ್ಪ ಆಡುಗಳನ್ನು ಒಯ್ದ ಮೇಲೆ ಎಷ್ಟು ದಿನ ಇಟ್ಟುಕೊಳ್ಳುತ್ತಾನೆ? ಅದೇ ದಿನ ಕಡಿಯುತ್ತಾನೆಯೇ?

ನನಗೆ ಸ್ವಲ್ಪ ತಲೆನೋವು. ಚಿಂತೆ ಬೇಡ.

ಸೀತಾ

*

ತಂತಿ
ಗೋಕಾಕ, ೧೬ ಜುಲೈ ೧೯೫೭

ಉದ್ದಪ್ಪನನ್ನು ಬಿಡಬೇಡಿ. ಗುಡ್ಡವ್ವ ತೀರಿದ್ದಾಳೆ. ಪತ್ರ ಬರುತ್ತದೆ. ಸೀತಾ.

*

ಗೋಕಾಕ
೧೬ ಜುಲೈ ೧೯೫೭

ಪ್ರೀತಿಯವರೇ,

ತಂತಿ ಕೊಟ್ಟು ಪೋಸ್ಟ್ ಆಫೀಸಿನ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಅಪ್ಪ ಹೊರಗೆ ನಿಂತಿದ್ದಾರೆ. ಹತ್ತನೇ ತಾರೀಖಿನ ನಿಮ್ಮ ಪತ್ರ ಇಂದು ಬೆಳಿಗ್ಗೆ ಕೈಸೇರಿತು.

ನಾನು ನೋಡಿದವಳು ಗುಡ್ಡವ್ವ ಅಲ್ಲ. ಅವಳ ತಂಗಿ ಸಾತವ್ವ.

ಹುಣ್ಣಿಮೆಯ ದಿನ ಕಡಬು ಹಿಡಿದು ಹೋದೆ. ಬಚ್ಚಲ ಬಾಗಿಲಿಗೆ ಕದವಿರಲಿಲ್ಲ, ಗೋಣಿ ಇಳಿಬಿಟ್ಟಿದ್ದರು. ನಗುತ್ತಲೇ ಸರಿಸಿದೆ. ಹೊಟ್ಟೆಯ ಮೇಲೆ ಏನೂ ಇರಲಿಲ್ಲ. ಒಂದು ಗೆರೆ ಇಲ್ಲ, ಒಂದು ಹೊಲಿಗೆಯ ಚುಕ್ಕೆ ಇಲ್ಲ. ಬೈಯಬೇಡಿ, ಒಂದು ಕ್ಷಣ ನಿಮ್ಮ ಪುಡಿ ಗಾಯದ ಗುರುತನ್ನೂ ಅಳಿಸಿತೆಂದು ಹಿಗ್ಗಿದೆ. ಒಂದೇ ಕ್ಷಣ. ಆಮೇಲೆ ನನ್ನ ಕೈಯಿಂದ ತಟ್ಟೆ ಬಿತ್ತು.

ಅವಳು ನಾಚಲಿಲ್ಲ, ಬೈಯಲಿಲ್ಲ. ಒದ್ದೆ ಸೀರೆ ಸುತ್ತಿಕೊಂಡು ಹೇಳಿದಳು: "ನಾ ಗುಡ್ಡವ್ವ ಅಲ್ರಿ ಬಾಯಾರ. ಅಕ್ಕ ಇಲ್ಲಿ ಅದಾಳ." ಕೊರಳ ತಗಡಿನ ಮೇಲೆ ಬೆರಳಿಟ್ಟಿದ್ದಳು.

ಅದು ದೇವಿಯಲ್ಲ. ಸತ್ತ ಮೊದಲ ಹೆಂಡತಿಯ ಟಾಕು. ಎರಡನೆಯವಳಾಗಿ ಬಂದವಳು ಅದನ್ನು ಕೊರಳಲ್ಲಿ ಕಟ್ಟಿಕೊಂಡು, ಸೀರೆಯಾದರೂ ಊಟವಾದರೂ ಮೊದಲು ಅವಳಿಗೆ ಮುಟ್ಟಿಸಬೇಕು. ಗುಡ್ಡವ್ವನಿಗೆ ಮೊಲೆಗೂಸು ಇತ್ತು, ಹುಡುಗಿ ಇದ್ದಳು. ಆಷಾಢ ಬಂದರೆ ಲಗ್ನವಿಲ್ಲವೆಂದು ಮಣ್ಣೆತ್ತಿನ ಅಮಾವಾಸ್ಯೆಯ ಮುಂಚೆ ತಂಗಿಯನ್ನು ಯಲ್ಲಾರಿಗೆ ಕೊಟ್ಟು ಅಕ್ಕಿಕಾಳು ಹಾಕಿದರು. ಮಕ್ಕಳು ಅವಳನ್ನು ಯವ್ವಾ ಎನ್ನುತ್ತವೆ. ಹಸಿರು ಸೀರೆ ಅಕ್ಕನದೇ.

ನಾನು ಕೇಳಿದೆ, ಯಾವಾಗ? ಅವಳು ಹೇಳಿದಳು, "ನಿಮ್ಮ ಅರಿಷಿಣದ ದಿನಾರಿ."

ಮೇ ಹದಿನೈದು. ಎಣಿಸಿ ನೋಡಿ, ಹನ್ನೆರಡನೇ ದಿನ. ಬೆಳಿಗ್ಗೆ ಒಲೆಯ ಮುಂದೆ ಕುಳಿತವಳು "ಕಣ್ಣ ಕತ್ತಲ ಬರಾಕತ್ತೈತಿ" ಎಂದು ಗೋಡೆಗೆ ಒರಗಿದಳಂತೆ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಕಲ್ಲಾಗಿತ್ತು. ನಿಮ್ಮ ದಿಬ್ಬಣ ಆಗಲೇ ಊರಿಗೆ ಬಂದಿತ್ತು. ನೀವು ಅವಳಿಂದ ನಾಲ್ಕು ಓಣಿಯ ಆಚೆ, ಹಂದರದ ಕೆಳಗೆ, ಮೈತುಂಬ ಅರಿಷಿಣ ಹಚ್ಚಿಸಿಕೊಂಡು ಕುಳಿತಿದ್ದಿರಿ. ಯಲ್ಲಾರಿ ಹಂದರದವರೆಗೆ ಓಡಿಬಂದ. ಅವನನ್ನು ನಿಲ್ಲಿಸಿದವರು ನಮ್ಮ ಅಜ್ಜಿ. "ಅರಿಷಿಣದ ಮೈಯವನ್ನ ಸಾಯೋರ ಮನಿಗೆ ಕರೀತಿ ಏನೋ? ನಾಳೆ ಅಕ್ಕಿಕಾಳ ಬಿದ್ದ ಮ್ಯಾಲ ಬಾ." ಅವನು ಕೈಮುಗಿದು ಹೋದ. ಅವನಿಗೂ ಅದು ಸರಿಯೆನಿಸಿತು. ಊರಿನ ಮಗಳ ಮದುವೆ, ಊರು ಕಾಪಾಡಬೇಕು. ಸಂಜೆ ಗುಡ್ಡವ್ವ ಹೋದಳು. ಹಲಗೆ ಬಾರಿಸಲಿಲ್ಲ, ಗಟ್ಟಿಯಾಗಿ ಅಳಲಿಲ್ಲ. ನಮಗೆ ಕೇಳಿಸಬಾರದೆಂದು ಹಿಂದಿನ ದಾರಿಯಿಂದ ಒಯ್ದರು. ನನಗೆ ಆ ಸಂಜೆ ಚೆನ್ನಾಗಿ ನೆನಪಿದೆ. ಬೆಳಗಾವಿಯಿಂದ ಬ್ಯಾಂಡು ತರಿಸಿದ್ದೆವು.

ನನಗೆ ಎಲ್ಲ ಗೊತ್ತಾಗಿದೆ ಎಂದು ಅಜ್ಜಿಗೆ ಹೇಳಿದೆ. ಅವಳು ದೇವರ ಅರಿಷಿಣ ಭಂಡಾರದ ಬಟ್ಟಲ ಮೇಲೆ ನನ್ನ ಕೈ ಇಡಿಸಿ, "ಆಷಾಢ ಮುಗಿಯೋತನಕ ನಿನ್ನ ಕೈಲೆ ಸಾವಿನ ಸುದ್ದಿ ಬರದು ಗಂಡಗ ಕಳಸಬ್ಯಾಡ. ಮುತ್ತೈದಿತನ ಕಾಯಬೇಕವಾ" ಎಂದು ಆಣೆ ಹಾಕಿಸಿದಳು. ಯಲ್ಲಾರಿಯ ಮನೆಯವರ ಬಾಯಿ ಕಟ್ಟಿದವಳೂ ಅವಳೇ. ನಾನು ಕಾನ್ವೆಂಟಿನಲ್ಲಿ ಹತ್ತು ವರ್ಷ ಕಲಿತವಳು, ಐದು ದಿನ ಆ ಆಣೆಗೆ ಹೆದರಿ ಸುಮ್ಮನಿದ್ದೆ. ಹದಿಮೂರರ ಪತ್ರದಲ್ಲಿ ನಿಮಗೆ ಸುಳ್ಳು ಬರೆದೆ. ಆಗ ಉದ್ದಪ್ಪ ನಿಮ್ಮ ಮಂಚದ ಮೇಲೆ ಮಲಗಿದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದು ಉತ್ತರವಲ್ಲ.

ಈ ಐದು ದಿನ ನಾನು ಆಡುಗಳನ್ನು ಎಣಿಸಿದೆ. ಅಲ್ಲಪ್ಪ ಏಳನೇ ದಿನ ಒಯ್ಯುತ್ತಾನೆ, ಕಡಿಯುತ್ತಾನೆ. ಎಂಟನೇ ದಿನ ಏನಾಗುತ್ತದೆಂದು ನಾವು ಒಂದೇ ಒಂದು ಆಡಿನಲ್ಲಿಯೂ ನೋಡಿಲ್ಲ. ನಾನು ನಿಮಿಷ ಎಣಿಸಿದೆ, ನೀವು ಸೆಕೆಂಡು ಬರೆದಿರಿ. ದಿನ ಯಾರೂ ಎಣಿಸಲಿಲ್ಲ.

ಅವನನ್ನು ಬಿಡಬೇಡಿ.

ಸೀತಾ

*

ಪಾಶ್ಚಾಪುರ
೨೧ ಜುಲೈ ೧೯೫೭

ಸೀತಾಳಿಗೆ,

ಉದ್ದಪ್ಪ ಬದುಕಿದ್ದಾನೆ. ಮೊದಲು ಅದು.

ತಂತಿ ಹದಿನೇಳರಂದು ಬಂತು. ಶುಕ್ರವಾರ ಅವನ ಅಣ್ಣ ಚಕ್ಕಡಿ ತಂದು ನಿಲ್ಲಿಸಿದ್ದ. ಬಿಡುವುದಿಲ್ಲ ಎಂದೆ. ಉದ್ದಪ್ಪ ಎದ್ದು ಕುಳಿತು, "ನಾ ಏನ ನಿಮ್ಮ ಆಡೇನ್ರಿ, ಕಟ್ಟಿ ಹಾಕಾಕ? ನನ್ನ ಹೊಲ ನೀವು ಮಾಡತೀರೇನು?" ಎಂದು ಕೂಗಾಡಿದ. ಶಂಕ್ರವ್ವ ಅವನ ಧೋತರವನ್ನೇ ಬಚ್ಚಿಟ್ಟಳು. ಹಾಗಾಗಿ ಉಳಿದ. ನಿನ್ನೆ, ಹನ್ನೊಂದನೇ ದಿನ, ಗಂಜಿ ಕುಡಿಯುತ್ತಿದ್ದವನು ಬಟ್ಟಲು ಕೆಳಗಿಟ್ಟು "ಯಾಕೋ ಚಳಿ ಅನಸಾಕತ್ತೈತಿ" ಎಂದ. ಮುಖ ಸುಣ್ಣದ ಹಾಗಿತ್ತು. ಐದೇ ನಿಮಿಷದಲ್ಲಿ ಮೇಜಿಗೆ ತಂದೆವು. ಪುಡಿ ಕಟ್ಟಿದ ಹೊಪ್ಪಳೆ ಒಣಗಿ, ಕೆಳಗಿನ ಜೀವಂತ ಮಾಂಸವನ್ನೂ ಕಿತ್ತುಕೊಂಡು ಕಳಚಿತ್ತು. ಗುಲ್ಮ ತೆಗೆದೆ. ಇಂದು ಎರಡು ಚಮಚ ನೀರು ಕುಡಿದ, ಮತ್ತೆ ನನ್ನನ್ನು ಬೈದ.

ಹಾಗಾದರೆ ಗುಡ್ಡವ್ವನನ್ನೂ ಉಳಿಸಬಹುದಿತ್ತು. ನಾಲ್ಕು ಓಣಿ. ನನ್ನ ಚೀಲದಲ್ಲಿ ಚಾಕು ಇತ್ತು, ದಾರವಿತ್ತು. ಎಲ್ಲಿಗೆ ಹೋದರೂ ಒಯ್ಯುತ್ತೇನೆ, ಮದುವೆಗೂ ಒಯ್ದಿದ್ದೆ. ಆ ಮಧ್ಯಾಹ್ನ ಹಂದರದ ಬಾಗಿಲಲ್ಲಿ ಒಬ್ಬ ಮನುಷ್ಯ ಕೈಮುಗಿದು ನಿಂತದ್ದನ್ನು ನಾನು ನೋಡಿದ್ದೆ. ಮುಖ ಗುರುತು ಹತ್ತಲಿಲ್ಲ. ಊಟಕ್ಕೆ ಬಂದವನೆಂದು ತಿಳಿದು ಕೂಡಿಸಿರಿ ಎಂದೆ. ಈಗ ಅವನ ಮುಖ ಹೋಗುತ್ತಿಲ್ಲ.

ಆ ಸದ್ದು ತಿರುಗಿ ಬಂದಿದೆ.

ಪುಣೆಯ ಸಭೆಗೆ ಬರುವುದಿಲ್ಲವೆಂದು ಕಾಗದ ಬರೆದಿದ್ದೇನೆ, ಇನ್ನೂ ಹಾಕಿಲ್ಲ. ಡಬ್ಬಿಗಳಿಗೆ ಬೀಗ ಹಾಕಿದ್ದೇನೆ. ಅಲ್ಲಪ್ಪನಿಗೆ ಇನ್ನು ಆಡು ತರಬೇಡ ಎಂದೆ.

ನಿನ್ನ ಮೊದಲ ಪತ್ರ ಇನ್ನೂ ಜೇಬಿನಲ್ಲೇ ಇದೆ. ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆಯಲು ಮೂರು ಸಲ ಕುಳಿತೆ. ನಾಗರಪಂಚಮಿಗೆ ಅಲ್ಲೇ ಇರು. ದೀಪಾವಳಿಯವರೆಗೂ ಇರು ಎಂದರೆ ನಿಮ್ಮವರು ತಪ್ಪು ತಿಳಿಯಲಾರರು ಎಂದುಕೊಂಡಿದ್ದೇನೆ. ಆ ಊರಿನ ಅಳಿಯನಾಗಿ ನಾನು ಯಾವ ಮುಖದಿಂದ ಬರಲಿ?

ಹನಮಂತ

*

ಮೇಲವಂಕಿ
೨೪ ಜುಲೈ ೧೯೫೭

ನನ್ನ ಹನಮಂತರಾಯರೇ,

ಗಂಡನ ಹೆಸರು ಬರೆದೆ. ಇಷ್ಟು ಆಣೆ ಮುರಿದ ಮೇಲೆ ಇದೊಂದು ಯಾವ ಲೆಕ್ಕ?

ಉದ್ದಪ್ಪ ಬೈಯುತ್ತಿದ್ದಾನೆ ಎಂದು ಓದಿ ಅಪ್ಪನ ಮುಂದೆಯೇ ಜೋರಾಗಿ ಅತ್ತೆ. ಅವನಿಗೆ ಅನ್ನಿಸಿದಷ್ಟು ಬೈಯಲಿ, ನೂರು ವರ್ಷ ಬೈಯಲಿ.

ಸಿಟ್ಟಿಲ್ಲ ಎಂದು ಬರೆಯಬೇಡಿ. ಸಿಟ್ಟು ಇರಲಿ. ನಾನು ಮುಖ ನೋಡದೆ ಬಣ್ಣ ಬಣ್ಣವಾಗಿ ಬರೆದೆ, ನೀವು ನಂಬಿದಿರಿ. ಅದನ್ನು ನೀವು ಮರೆತರೂ ನಾನು ಮರೆಯುವುದಿಲ್ಲ. ಆದರೆ ದೀಪಾವಳಿಯವರೆಗೆ ನಾನು ಇಲ್ಲಿ ಹೋಳಿಗೆ ತಿನ್ನುತ್ತ, ನೀವು ಅಲ್ಲಿ ಸದ್ದು ಕೇಳುತ್ತ ಕುಳಿತರೆ ಯಾರಿಗೆ ಏನು ಬಂತು?

ಪುಣೆಗೆ ಬರೆದ ಕಾಗದ ಹಾಕಬೇಡಿ. ನಿಮ್ಮ ಪುಸ್ತಕದಲ್ಲಿ ಗುಡ್ಡವ್ವನ ಹೆಸರಿನ ಮುಂದೆ "ಗುಣ" ಎಂದಿದೆ, ನಾನೇ ಚೊಕ್ಕ ಪ್ರತಿ ಮಾಡಿದ್ದೇನೆ. ನೀವು ಸುಮ್ಮನಾದರೆ, ನಾಳೆ ಇನ್ನಾವ ಊರಿನ ಡಾಕ್ಟರೋ ಇಂಥದೇ ಪುಡಿ ಕಂಡುಹಿಡಿದು, ಏಳು ದಿನದ ಆಡು ನೋಡಿ ಹಿಗ್ಗಿ, ಹತ್ತನೇ ದಿನ ಯಾರನ್ನೋ ಚಕ್ಕಡಿ ಹತ್ತಿಸುತ್ತಾರೆ. ಸಭೆಯಲ್ಲಿ ನಿಂತು ಹನ್ನೆರಡನೇ ದಿನವನ್ನು ಓದಿರಿ. ಮೊನ್ನೆ ಯಲ್ಲಾರಿ ನಮ್ಮ ಪಡಸಾಲೆಯಲ್ಲಿ ಕುಳಿತು ಆ ದಿನವನ್ನು ಹೊತ್ತು ಹೊತ್ತಾಗಿ ಹೇಳಿದ, ನಾನು ಬರೆದುಕೊಂಡೆ: ಯಾವಾಗ ಕಣ್ಣು ಕತ್ತಲೆ ಬಂತು, ಯಾವಾಗ ನೀರು ಕೇಳಿದಳು, ಯಾವಾಗ ಮಗುವನ್ನು ಕೆಳಗಿಳಿಸಿದಳು. ಅಜ್ಜಿ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಕೊನೆಗೆ ಹೊರಗೆ ಬಂದು ಅವನ ಮುಂದೆ ನೆಲದ ಮೇಲೆ ಕುಳಿತು, "ನಾ ತಡದೆ ಅಂತನೂ ಬರ್ಕೋ" ಎಂದಳು. ಬರೆದುಕೊಂಡೆ. ಯಲ್ಲಾರಿ, "ನಾನೂ ತಿರುಗಿ ಹೋದೆ ಬಿಡ್ರಿ ಅಮ್ಮಾರ, ಒಂದ ಸಲ ಒದರಿದ್ರ ಸಾಹೇಬ್ರ ಎದ್ದ ಬರ್ತಿದ್ರು" ಎಂದ. ಆ ಮಾತು ಕೇಳಿ ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಯಾವ ಮುಖದಿಂದ ಬರಲಿ ಎಂದಿರಿ. ನೀವು ಬರುವುದು ಬೇಡ. ನಾವೇ ಬರುತ್ತೇವೆ.

ನಾವು ಎಂದರೆ ನಾನೊಬ್ಬಳಲ್ಲ. ನಿನ್ನೆ ಸಾತವ್ವ ಹಿತ್ತಲಿಗೆ ಬಂದಳು. ನನ್ನ ಕೈ ಹಿಡಿದು ತನ್ನ ಎಡ ಪಕ್ಕೆಯ ಕೆಳಗೆ ಒತ್ತಿಕೊಂಡಳು. ಹುಣ್ಣಿಮೆಯ ದಿನ ನಾನು ಗೆರೆ ಹುಡುಕುತ್ತಿದ್ದೆ, ಇದನ್ನು ನೋಡಿರಲಿಲ್ಲ. ಕಲ್ಲಿನಂಥ ಗಡ್ಡೆ, ನನ್ನ ಅಂಗೈಯಷ್ಟು. ಎರಡು ವರ್ಷದಿಂದ ಚಳಿಜ್ವರ ಬಂದು ಹೋಗುತ್ತಿದೆಯಂತೆ. ಅದೇ ಮನೆ, ಅದೇ ಎತ್ತು, ಅದೇ ಕೆಸರು. "ಅಕ್ಕನ್ನ ನೋಡಿದ ಕೈನ ನನ್ನೂ ನೋಡಲಿ ಬಾಯಾರ, ಗಡ್ಡಿ ಹರಿಯೋಕಿಂತ ಮೊದಲ" ಎಂದಳು. ನಿನಗೆ ಹೆದರಿಕೆಯಾಗುವುದಿಲ್ಲವೇ ಎಂದು ಕೇಳಿದೆ. "ಆಗತೈತ್ರಿ. ಆದ್ರ ಈಗ ಅವರಿಗೆ ಹನ್ನೆರಡ ದಿನ ಗೊತ್ತದಾವಲ್ರಿ" ಎಂದಳು.

ಅಮ್ಮ ಆಷಾಢ ಇನ್ನೂ ಮುಗಿದಿಲ್ಲ ಎನ್ನುತ್ತಾಳೆ. ಶುಕ್ರವಾರ ಮಗಳನ್ನು ಕಳಿಸಬಾರದು ಎನ್ನುತ್ತಾಳೆ. ಅಜ್ಜಿ ನಮ್ಮಿಬ್ಬರಿಗೂ ರೊಟ್ಟಿ ಕಟ್ಟಲು ಹಿಟ್ಟು ತೆಗೆದಿಟ್ಟಿದ್ದಾಳೆ. ಸಾತವ್ವನಿಗೆ ಶಂಕ್ರವ್ವನ ಪಕ್ಕದ ಮಂಚ ಹಾಕಿಸಿರಿ, ಕೂಸೂ ಜೊತೆಗಿರುತ್ತದೆ. ಅವಳ ಮುಖ ಅಕ್ಕನ ಮುಖದಂತೆಯೇ ಇದೆಯೆಂದು ಎಲ್ಲರೂ ಹೇಳುತ್ತಾರೆ. ಸ್ಟೇಶನ್ನಿನಲ್ಲಿ ನೋಡಿದ ಕೂಡಲೇ ನಿಮ್ಮ ಎದೆ ಹೊಡೆದುಕೊಳ್ಳುತ್ತದೆ, ಆದರೂ ಎದುರಿಗೆ ಬಂದು ನಿಲ್ಲಿರಿ. ಇಪ್ಪತ್ತಾರನೇ ತಾರೀಖು ಶುಕ್ರವಾರ, ಮಿರಜಿನಿಂದ ಬೆಳಗಾವಿಗೆ ಹೋಗುವ ಮಧ್ಯಾಹ್ನದ ಪ್ಯಾಸೆಂಜರಿಗೆ ನಾವು ಗೋಕಾಕ ರೋಡಿನಲ್ಲಿ ಹತ್ತಿ ಪಾಶ್ಚಾಪುರದಲ್ಲಿ ಇಳಿಯುತ್ತೇವೆ.

ಸೀತಾ